ಏಷ್ಯಾದ ಕ್ಲಬ್ ಬ್ಯಾಸ್ಕೆಟ್‌ಬಾಲ್ ಮತ್ತು ಕಾಶಿಯ ಅಂಗಳ

ಕಾಶಿ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಗಂಗೆ, ವಿಶ್ವನಾಥ, ದೇವರ ಕೋಣೆಯಲ್ಲಿ ಮುಚ್ಚಳ ಬಿಗಿದಿಟ್ಟ ತಾಮ್ರದ ಗಿಂಡಿ. ಮದುವೆಯ ದಿನ ಕೊಡೆ, ಊರುಗೋಲು ಹಿಡಿದು ಹೊರಟ ವರನನ್ನು ಹೆಣ್ಣಿನ ತಂದೆ ತಡೆದು ಕರೆತರುವ ಶಾಸ್ತ್ರ. ಯಾತ್ರೆಗೆ ಹೋದ ಕನ್ನಡಿಗರು ಹನುಮಾನ್ ಘಾಟಿನ ಕರ್ನಾಟಕ ಛತ್ರದಲ್ಲಿಯೋ ಜಂಗಮವಾಡಿ ಮಠದಲ್ಲಿಯೋ ಇಳಿದು, ಘಟ್ಟಗಳನ್ನೂ ಗುಡಿಗಳನ್ನೂ ಕಂಡು ಹಿಂದಿರುಗುತ್ತಾರೆ. ನಗರದ ವಾಯವ್ಯಕ್ಕಿರುವ ಭೋಜೂಬೀರ್ ಬಡಾವಣೆಗೆ ಹೋಗಿಬರುವವರು ವಿರಳ. ಅಲ್ಲಿ 1909ರಲ್ಲಿ ಭಿಂಗಾ ಸಂಸ್ಥಾನದ ರಾಜಾ ಉದಯ ಪ್ರತಾಪ ಸಿಂಹರು ಸ್ಥಾಪಿಸಿದ ವಿದ್ಯಾಸಂಸ್ಥೆಯೊಂದಿದೆ. ಊರಿನವರ ಬಾಯಲ್ಲಿ ಅದು ಯು.ಪಿ. ಕಾಲೇಜು. ಗರಡಿ, ಕುಸ್ತಿ, ಗದೆಗಳಿಗೆ ಹೆಸರಾದ ಕಾಶಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಕ್ಕೊಂದು ನೆಲೆ ದೊರೆತದ್ದು ಈ ಕಾಲೇಜಿನ ಅಂಗಳದಲ್ಲಿ.

ಭಾರತದ ಮಹಿಳಾ ತಂಡಕ್ಕೆ ಆಡಿದ ಸಿಂಗ್ ಸೋದರಿಯರು ಈ ಅಂಗಳದಲ್ಲಿ ಆಟ ಕಲಿತವರು. ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ಈ ನಾಲ್ವರೂ ರಾಷ್ಟ್ರವನ್ನು ಪ್ರತಿನಿಧಿಸಿದರು. ಹಿರಿಯಕ್ಕ ಪ್ರಿಯಾಂಕಾ ತರಬೇತುದಾರರಾದರು. ಪ್ರಶಾಂತಿಯವರಿಗೆ 2017ರಲ್ಲಿ ಅರ್ಜುನ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ ಸಂದಿತು. ಪುರುಷರ ಪೈಕಿ ಭಾರತ ತಂಡದ ನಾಯಕರಾಗಿದ್ದ ವಿಶೇಷ್ ಭೃಗುವಂಶಿ ಕೂಡ ಈ ನಗರದವರೇ. ಅವರ ಕ್ರೀಡಾಜೀವನದ ಜಾಡು ಹಿಡಿದು ಹೋದರೆ, ಏಷ್ಯಾಖಂಡದ ಪುರುಷರ ಕ್ಲಬ್ ಚಾಂಪಿಯನ್‌ಷಿಪ್ ಎಂಬ, ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಅಪರೂಪಕ್ಕೆ ಒಂದು ಕಾಲಂ ಪಡೆಯುವ ಸ್ಪರ್ಧೆಯನ್ನು ತಲುಪುತ್ತೇವೆ. ಆ ಸ್ಪರ್ಧೆ ಏನು, ಅದರಲ್ಲಿ ಭಾರತದ ಸ್ಥಾನ ಎಂತಹುದು, ಕಾಶಿಯ ಆಟಗಾರನೊಬ್ಬ ಅಲ್ಲಿಗೆ ಯಾರ ಹೆಸರಿನಲ್ಲಿ ಹೋಗಬೇಕಾಯಿತು ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕೂಟದ ಸ್ವರೂಪ

ಅಂತರರಾಷ್ಟ್ರೀಯ ಕ್ರೀಡೆ ಎಂದರೆ ದೇಶ ದೇಶಗಳ ನಡುವಿನ ಪಂದ್ಯವೆಂದೇ ನಾವು ಬಹುಮಟ್ಟಿಗೆ ಭಾವಿಸಿರುತ್ತೇವೆ. ಕ್ಲಬ್ ಸ್ಪರ್ಧೆಯ ಕಲ್ಪನೆ ಬೇರೆ. ಪ್ರತಿಯೊಂದು ದೇಶದಲ್ಲಿಯೂ ವರ್ಷವಿಡೀ ನಡೆಯುವ ಲೀಗಿನಲ್ಲಿ ಗೆದ್ದ ತಂಡ, ಅಂದರೆ ಒಂದು ಊರಿನದೋ ಬಡಾವಣೆಯದೋ ಆದ ತಂಡ, ನೆರೆಯ ದೇಶಗಳ ಅಂತಹುದೇ ತಂಡಗಳನ್ನು ಎದುರಿಸುತ್ತದೆ. ರಾಷ್ಟ್ರಗೀತೆಗಿಂತ ಊರಿನ ಅಭಿಮಾನ ಇಲ್ಲಿ ಮುಂದಿರುತ್ತದೆ. ಹೊರದೇಶದ ಆಟಗಾರರನ್ನು ನಿಗದಿತ ಮಿತಿಯೊಳಗೆ ತಂಡಕ್ಕೆ ಸೇರಿಸಿಕೊಳ್ಳುವುದಕ್ಕೂ ಅವಕಾಶವುಂಟು; ಹಾಗಾಗಿ ಲೆಬನಾನಿನ ತಂಡದಲ್ಲಿ ಅಮೆರಿಕನ್ನನೊಬ್ಬ ಆಡುವುದು ಅಲ್ಲಿ ಯಾರಿಗೂ ಅಚ್ಚರಿಯ ಸಂಗತಿಯಲ್ಲ.

ಯುರೋಪಿನಲ್ಲಿ ಇಂತಹ ಸ್ಪರ್ಧೆ 1958ರಲ್ಲಿ ಆರಂಭವಾಯಿತು. ಮೊದಲ ಪ್ರಶಸ್ತಿ ಪಡೆದದ್ದು ಲಾಟ್ವಿಯಾದ ರೀಗಾ ನಗರದ ತಂಡ. ಅತಿ ಹೆಚ್ಚು ಬಾರಿ ಗೆದ್ದದ್ದು, ಫುಟ್‌ಬಾಲಿನಂತೆಯೇ ಇಲ್ಲಿಯೂ, ಸ್ಪೇನಿನ ರಿಯಲ್ ಮ್ಯಾಡ್ರಿಡ್. ಏಷ್ಯಾದಲ್ಲಿ ಈ ಪ್ರಯೋಗ 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲಾಯಿತು. ಆಮೇಲೆ ಅದು ಪ್ರತಿವರ್ಷ ತಪ್ಪದೆ ನಡೆಯಿತೆನ್ನುವಂತಿಲ್ಲ. ಹೆಸರೂ ಒಂದೆರಡು ಬಾರಿ ಬದಲಾಯಿತು. ಬಹುಕಾಲ ಬಳಕೆಯಲ್ಲಿದ್ದ ಹೆಸರು ಫಿಬಾ ಏಷ್ಯಾ ಚಾಂಪಿಯನ್ಸ್ ಕಪ್. ಫಿಬಾ ಎಂಬುದು ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಸಂಕ್ಷಿಪ್ತ ನಾಮ. 2024ರಿಂದ ಇದೇ ಸ್ಪರ್ಧೆ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ಸ್ ಲೀಗ್ ಏಷ್ಯಾ ಎಂಬ ಹೊಸ ಹೆಸರಿನಲ್ಲಿ ನಡೆಯತೊಡಗಿದೆ.

ಬೈರೂತಿನ ಒಂದು ಶಾಲೆಯ ತಂಡ

ಈ ಕೂಟದ ಇತಿಹಾಸದಲ್ಲಿ ನಮಗೆ ಅತ್ಯಂತ ಸ್ವಾರಸ್ಯಕರವಾಗಿ ತೋರಿದ ಅಧ್ಯಾಯವೆಂದರೆ ಲೆಬನಾನಿನದು. ಹದಿನೈದು ವರ್ಷಗಳ ಅಂತರ್ಯುದ್ಧ 1990ರಲ್ಲಿ ಕೊನೆಗೊಂಡಾಗ ರಾಜಧಾನಿ ಬೈರೂತ್ ಎರಡು ಹೋಳಾಗಿತ್ತು. ಊರನ್ನು ಮತ್ತೆ ಕಟ್ಟುತ್ತಿದ್ದ ಆ ದಶಕದಲ್ಲಿ ಅಶ್ರಫಿಯೇ ಬಡಾವಣೆಯ ಒಂದು ಶಾಲೆಯ ಹೆಸರನ್ನು ಹೊತ್ತ ಸಾಜೆಸ್ ಎಂಬ ಕ್ಲಬ್, ಅರಬ್ಬಿಯಲ್ಲಿ ಹಿಕ್ಮೆ, ಅಂದರೆ 'ವಿವೇಕ', ಬ್ಯಾಸ್ಕೆಟ್‌ಬಾಲಿನಲ್ಲಿ ಮೇಲೆದ್ದು ಬಂತು. ಜಾಹೀರಾತು ಉದ್ಯಮದ ಧನಿಕ ಆಂತ್ವಾನ್ ಶುವೇರಿ ಅದರ ಪೋಷಕರು. ಘಸ್ಸಾನ್ ಸರ್ಕೀಸ್ ತರಬೇತುದಾರರು. ಫಾದಿ ಅಲ್ ಖತೀಬ್ ಆ ಕಾಲದ ತಾರೆ. 1999ರಲ್ಲಿ ಈ ತಂಡ ಏಷ್ಯಾದ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತು. ಅರಬ್ ಜಗತ್ತಿನ ಕ್ಲಬ್ಬೊಂದಕ್ಕೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. 2000ದಲ್ಲಿಯೂ 2004ರಲ್ಲಿಯೂ ಅದು ಪುನಃ ಗೆದ್ದಿತು. ಮುಂದೆ ಪೋಷಕರ ಹಣ ಬತ್ತಿತು, ಸಾಲ ಬೆಳೆಯಿತು, ಆಟಗಾರರು ಚದುರಿದರು. ಆದರೂ ಕ್ಲಬ್ ಮುಚ್ಚಲಿಲ್ಲ. ಶಾಲೆ, ಬಡಾವಣೆ, ಹಳೆಯ ವಿದ್ಯಾರ್ಥಿಗಳು ಇದ್ದುದರಿಂದ ಹೆಸರು ಉಳಿಯಿತು. ಅದೇ ನಗರದ ಅಲ್ ರಿಯಾದಿ ಎಂಬ ಪ್ರತಿಸ್ಪರ್ಧಿ ಕ್ಲಬ್ 1934ರಷ್ಟು ಹಳೆಯದು. ಅದು 2011ರಲ್ಲಿ ಏಷ್ಯಾದ ಪ್ರಶಸ್ತಿಯನ್ನು ಪಡೆಯಿತು. 2017ರಲ್ಲಿ ಎರಡನೆಯ ಬಾರಿ.

ನಡುವಿನ ವರ್ಷಗಳು ಇರಾನಿನವು. ಟೆಹರಾನಿನ ಸಬಾ ಬ್ಯಾಟರಿ 2007 ಮತ್ತು 2008ರಲ್ಲಿ, ಮಹರಾಮ್ 2009 ಮತ್ತು 2010ರಲ್ಲಿ, ಇಸ್ಫಹಾನಿನ ಫೌಲಾದ್ ಮಾಹಾನ್ 2013ರಲ್ಲಿ ಗೆದ್ದವು. ಹೆಸರುಗಳಿಂದಲೇ ತಿಳಿಯುವಂತೆ ಬ್ಯಾಟರಿ ತಯಾರಕರು, ಉಕ್ಕಿನ ಕಾರ್ಖಾನೆಯವರು ಇವುಗಳ ಬೆನ್ನಿಗಿದ್ದರು. 2014 ಮತ್ತು 2015ರಲ್ಲಿ ಕೂಟ ನಡೆಯಲೇ ಇಲ್ಲ.

2016ರ ಅಕ್ಟೋಬರ್‌ನಲ್ಲಿ ಅದು ಪುನಃ ಚಿಗುರಿದ್ದು ಚೀನದ ಹುನಾನ್ ಪ್ರಾಂತದ ಚೆಂಝೌ ನಗರದಲ್ಲಿ. ಪ್ರಶಸ್ತಿ ಗೆದ್ದದ್ದು ಚೀನಾ ಕಾಶ್ಗರ್ ಎಂಬ ಹೆಸರಿನಲ್ಲಿ ಆಡಿದ ಷಿನ್‌ಜಿಯಾಂಗ್ ತಂಡ. ಭಾರತದ ಪರವಾಗಿ ಆ ಕೂಟಕ್ಕೆ ಹೋದದ್ದು ಒಎನ್‌ಜಿಸಿ, ಅಂದರೆ ನಮ್ಮ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ತಂಡ. ಅದರ ಮುಖ್ಯ ಆಟಗಾರ ವಾರಾಣಸಿಯ ವಿಶೇಷ್ ಭೃಗುವಂಶಿ.

ವಿಶೇಷ್ ಭೃಗುವಂಶಿ

1991ರಲ್ಲಿ ವಾರಾಣಸಿಯಲ್ಲಿ ಜನಿಸಿದ ವಿಶೇಷ್ ಹದಿಹರೆಯದಲ್ಲಿಯೇ ರಾಷ್ಟ್ರೀಯ ತಂಡಗಳ ಆಯ್ಕೆಗಾರರ ಕಣ್ಣಿಗೆ ಬಿದ್ದರು. ಬುಟ್ಟಿಗೆ ದೂರದಿಂದ ಗುರಿಯಿಡುವ, ಜೊತೆಗೆ ಚೆಂಡನ್ನು ಮುಂದಕ್ಕೆ ಒಯ್ದು ಸಹ ಆಟಗಾರರಿಗೆ ದಾರಿ ಮಾಡಿಕೊಡುವ ಗಾರ್ಡ್ ಸ್ಥಾನ ಅವರದು. ಭಾರತದ ಬ್ಯಾಸ್ಕೆಟ್‌ಬಾಲಿನಲ್ಲಿ ಉದ್ದಾಳುಗಳಿಗೆ ಪಂಜಾಬು ಹೆಸರಾದದ್ದು. 2015ರಲ್ಲಿ ಅಮೆರಿಕದ ಎನ್‌ಬಿಎ ತಂಡವೊಂದು ಆಯ್ದುಕೊಂಡ ಮೊದಲ ಭಾರತೀಯ ಸತ್ನಾಮ್ ಸಿಂಗ್ ಲೂಧಿಯಾನದ ಅಕಾಡೆಮಿಯಲ್ಲಿ ಕಲಿತವರು. ಕಾಶಿ ಕೊಟ್ಟದ್ದು ಅಂಗಳವನ್ನು ಓದಬಲ್ಲ ಕಣ್ಣುಳ್ಳ ಆಟಗಾರನನ್ನು. ಎತ್ತರ ದೇವರು ಕೊಡುವುದು, ಕಣ್ಣು ಅಭ್ಯಾಸ ಕೊಡುವುದು ಎಂದು ನಾವು ತಿಳಿದಿದ್ದೇವೆ.

2014ರ ಜುಲೈನಲ್ಲಿ ಚೀನದ ವುಹಾನ್ ನಗರದಲ್ಲಿ ನಡೆದ ಫಿಬಾ ಏಷ್ಯಾ ಕಪ್‌ನಲ್ಲಿ ಭಾರತ ಆತಿಥೇಯ ಚೀನವನ್ನು 65-58ರಿಂದ ಸೋಲಿಸಿತು. ಚೀನದ ಎದುರು ಭಾರತದ ಪುರುಷರ ತಂಡ ಅಲ್ಲಿಯವರೆಗೆ ಗೆದ್ದಿರಲಿಲ್ಲ. ಆ ತಂಡದಲ್ಲಿ ವಿಶೇಷ್ ಇದ್ದರು. ಮುಂದೆ ಅವರು ತಂಡದ ನಾಯಕರಾದರು. 2019ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಿತು. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ದೊರೆಯಿತು.

ಚೆಂಝೌ ಕೂಟದ ಮರುವರ್ಷ, ಅಂದರೆ 2017ರಲ್ಲಿ, ಆಸ್ಟ್ರೇಲಿಯಾದ ವೃತ್ತಿಪರ ಲೀಗಿನ ಅಡಿಲೇಡ್ 36ಅರ್ಸ್ ಕ್ಲಬ್ ವಿಶೇಷ್ ಅವರೊಡನೆ ಒಂದು ವರ್ಷದ ತರಬೇತಿ ಒಪ್ಪಂದ ಮಾಡಿಕೊಂಡಿತು. ಆ ಲೀಗಿನ ಕ್ಲಬ್ಬೊಂದು ಭಾರತೀಯನೊಬ್ಬನಿಗೆ ಒಪ್ಪಂದ ನೀಡಿದ್ದು ಅದೇ ಮೊದಲು. ಅದೇ ವರ್ಷ ಪಂಜಾಬಿನ ಅಮೃತ್‌ಪಾಲ್ ಸಿಂಗ್ ಸಿಡ್ನಿ ಕಿಂಗ್ಸ್ ಸೇರಿದರು. ತರಬೇತಿ ಒಪ್ಪಂದವೆಂದರೆ ಅಭ್ಯಾಸಕ್ಕೆ ಜಾಗ ಖಾತರಿ, ಪಂದ್ಯಕ್ಕೆ ಜಾಗ ಖಾತರಿಯಿಲ್ಲ ಎಂಬ ಅರ್ಥ. ವಿಶೇಷ್ ಮುಂದೆಯೂ ಒಎನ್‌ಜಿಸಿ ತಂಡದಲ್ಲಿಯೇ ಆಡಿದರು. ಇಪ್ಪತ್ತಾರರ ವಯಸ್ಸಿಗೆ ಪರದೇಶದ ವೃತ್ತಿಪರ ಅಂಗಳದ ಬಾಗಿಲು ತಟ್ಟಿದ ಆಟಗಾರ ಹದಿನೆಂಟಕ್ಕೇ ಅಂತಹ ಅಂಗಳದಲ್ಲಿ ಬೆಳೆದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಸಹಜ.

ಕಚೇರಿಯೇ ಕ್ಲಬ್

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಬೈರೂತಿನಿಂದ ಬಂದದ್ದು ಬಡಾವಣೆಯ ಕ್ಲಬ್. ಭಾರತದಿಂದ ಹೋದದ್ದು ಒಂದು ಸರ್ಕಾರಿ ಉದ್ಯಮದ ಉದ್ಯೋಗಿಗಳ ತಂಡ. 1956ರಲ್ಲಿ ಸ್ಥಾಪನೆಯಾಗಿ ಡೆಹ್ರಾಡೂನಿನಲ್ಲಿ ನೆಲೆಗೊಂಡ ತೈಲಸಂಸ್ಥೆ ಅದು. ಹಾಗಾಗಿ ಅದರ ಆಟಗಾರರು ರಾಷ್ಟ್ರೀಯ ಕೂಟಗಳಲ್ಲಿ ಉತ್ತರಾಖಂಡದ ಪರವಾಗಿ ಕಣಕ್ಕಿಳಿಯುವ ರೂಢಿಯಿತ್ತು. ಕಾಶಿಯ ಹುಡುಗ ಹೀಗೆ ರಾಜ್ಯಕ್ಕೆ ಉತ್ತರಾಖಂಡದವನೂ ಖಂಡಕ್ಕೆ ತೈಲ ನಿಗಮದವನೂ ಆಗಿ ಪರಿಚಿತನಾಗಬೇಕಾಯಿತು. ಅಂಕಪಟ್ಟಿಯಲ್ಲಿ ವಾರಾಣಸಿಯ ಹೆಸರಿಗೆ ಎಲ್ಲಿಯೂ ಎಡೆಯಿರಲಿಲ್ಲ.

ಇದು ಒಬ್ಬರ ಕಥೆಯಲ್ಲ. ಭಾರತಕ್ಕೆ ಈ ಆಟ ಬಂದದ್ದು ವೈಎಂಸಿಎ ಮೂಲಕ. ಆಟ ಹುಟ್ಟಿದ್ದೂ ಅದೇ ಸಂಸ್ಥೆಯ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ, 1891ರ ಡಿಸೆಂಬರಿನ ಚಳಿಯಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಹೊಡೆದಾಗ. ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಸ್ಥಾಪಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಂದ ಶಿಕ್ಷಕರು ಅದನ್ನು ಶಾಲೆ ಶಾಲೆಗೆ ಒಯ್ದರು. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1934ರಲ್ಲಿ ನವದೆಹಲಿಯಲ್ಲಿ ನಡೆಯಿತು. ರಾಷ್ಟ್ರೀಯ ಒಕ್ಕೂಟ 1950ರಲ್ಲಿ ರೂಪುಗೊಂಡಿತು. ಶಾಲೆ ಕಾಲೇಜುಗಳಲ್ಲಿ ಆಡಿದವರಿಗೆ ಆಮೇಲೆ ಅನ್ನದ ದಾರಿ ತೋರಿದವರು ಮಾತ್ರ ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳು. ಚೆನ್ನೈನ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಇಂಡಿಯನ್ ಬ್ಯಾಂಕ್. ಬೆಂಗಳೂರಿನ ವಿಜಯ ಬ್ಯಾಂಕ್, ಎಚ್‌ಎಎಲ್: ದಕ್ಷಿಣದಲ್ಲಿ ಆಟ ಉಳಿದದ್ದರಲ್ಲಿ ಇವುಗಳ ಪಾಲು ದೊಡ್ಡದು.

ನಾವು ಬ್ಯಾಂಕಿನಲ್ಲಿ ಬದುಕು ಸವೆಸಿದವರಾದ್ದರಿಂದ ಈ ವ್ಯವಸ್ಥೆಯನ್ನು ಒಳಗಿನಿಂದ ಕಂಡಿದ್ದೇವೆ. ಕ್ರೀಡಾ ಕೋಟಾದಲ್ಲಿ ಸೇರಿದ ಹುಡುಗ ಮುಂಜಾನೆ ಅಭ್ಯಾಸ ಮುಗಿಸಿ, ತಲೆಯ ನೀರು ಆರುವ ಮೊದಲೇ ಬಂದು ಕೌಂಟರಿನಲ್ಲಿ ಕೂರುತ್ತಾನೆ. ಮಧ್ಯಾಹ್ನದ ಅಭ್ಯಾಸಕ್ಕೆ ಮ್ಯಾನೇಜರರ ಅನುಮತಿ ಬೇಕು. ಪಂದ್ಯಾವಳಿಗಳೋ, ಸರಿಯಾಗಿ ಅರ್ಧವಾರ್ಷಿಕ ಲೆಕ್ಕ ಮುಗಿಸುವ ದಿನಗಳಲ್ಲಿಯೇ ಬಂದು ನಿಲ್ಲುತ್ತವೆ, ಅವನ ಪಾಲಿನ ಲೆಡ್ಜರು ಪಕ್ಕದವರ ಮೇಜಿಗೆ ಹೋಗುತ್ತದೆ, ಪಕ್ಕದವರು ಗೊಣಗುತ್ತಾರೆ. ಅದೇ ಹುಡುಗ ಕಪ್ ಗೆದ್ದು ಬಂದ ದಿನ ಅದೇ ಪಕ್ಕದವರು ಎಲ್ಲರಿಗೂ ಮೈಸೂರುಪಾಕು ಹಂಚುವುದನ್ನೂ ನೋಡಿದ್ದೇವೆ.

ಈ ಪದ್ಧತಿಯನ್ನು ಹಗುರವಾಗಿ ಕಾಣುವುದು ಸಲ್ಲದು. ಬ್ಯಾಸ್ಕೆಟ್‌ಬಾಲ್ ಮೊಣಕಾಲಿನ ಮೇಲೆ ನಿಂತ ಆಟ. ಹಾರಿ ಇಳಿಯುವಾಗ ಒಂದು ತಪ್ಪು ಹೆಜ್ಜೆ ಸಾಕು, ಒಳಗಿನ ಅಸ್ಥಿರಜ್ಜು ಹರಿದು ವರ್ಷಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ. ವೃತ್ತಿಪರ ಕ್ಲಬ್ಬಿನಲ್ಲಿ ಒಪ್ಪಂದ ಮುಗಿದರೆ ಸಂಬಂಧ ಮುಗಿಯಿತು. ಕಚೇರಿಯ ತಂಡದಲ್ಲಿ ಮೊಣಕಾಲು ಹೋದರೂ ಕುರ್ಚಿ ಉಳಿಯುತ್ತದೆ, ಭವಿಷ್ಯನಿಧಿ ಬೆಳೆಯುತ್ತದೆ, ಹೆಂಡತಿ ಮಕ್ಕಳಿಗೆ ಆಸ್ಪತ್ರೆಯ ಖರ್ಚು ಸಿಗುತ್ತದೆ. ಕಾಶಿಯ ಮಧ್ಯಮವರ್ಗದ ತಂದೆ ತಾಯಿ ಮಗನನ್ನು ಅಂಗಳಕ್ಕೆ ಕಳುಹಿಸಲು ಒಪ್ಪಿದ್ದರ ಹಿಂದೆ, ಬಸವನಗುಡಿಯ ಅಥವಾ ಮಂಡ್ಯದ ತಂದೆ ತಾಯಿ ಒಪ್ಪಿದ್ದರ ಹಿಂದೆಯೂ, ಈ ಒಂದು ಭರವಸೆಯಿತ್ತು.

ಆದರೆ ಅದೇ ಭರವಸೆ ಬೇಲಿಯೂ ಆಗುತ್ತದೆ. ಕಚೇರಿಯ ತಂಡಕ್ಕೆ ಊರಿಲ್ಲ. ಅದರ ಪಂದ್ಯ ನೋಡಲು ಟಿಕೆಟು ಕೊಂಡು ಬರುವ ಪ್ರೇಕ್ಷಕರಿಲ್ಲ, ಅದರ ಅಂಗಿ ತೊಡುವ ಮಕ್ಕಳಿಲ್ಲ. ಉದ್ಯೋಗಿಗಳೇ ಆಡಬೇಕಾದ ತಂಡ ಹೊರದೇಶದ ಒಳ್ಳೆಯ ಆಟಗಾರನನ್ನು ಒಂದು ಋತುವಿಗೆ ಕರೆತರುವಂತಿಲ್ಲ; ಏಷ್ಯಾದ ಕೂಟದಲ್ಲಿ ಎದುರಾಳಿಗಳ ಬಲದ ಬಹುಭಾಗ ಬರುವುದು ಅಲ್ಲಿಂದಲೇ. ವರ್ಷಕ್ಕೆ ನಾಲ್ಕಾರು ಪಂದ್ಯಾವಳಿ, ಅಷ್ಟೇ ಆಟ. ಬೈರೂತಿನಲ್ಲಿಯೋ ಟೋಕಿಯೋದಲ್ಲಿಯೋ ವಾರ ವಾರವೂ ಪಂದ್ಯ ಆಡುವವರನ್ನು ಹೀಗೆ ಎದುರಿಸುವುದು, ವರ್ಷಕ್ಕೊಮ್ಮೆ ಹಾಡುವವನು ದಿನವೂ ಸಾಧನೆ ಮಾಡುವವನ ಪಕ್ಕದಲ್ಲಿ ಕಛೇರಿಗೆ ಕುಳಿತಂತೆ.

ಮತ್ತೊಂದು ಅಪಾಯವೂ ಇದೆ. ಕಚೇರಿಯ ತಂಡ ಕಚೇರಿಯ ಆದೇಶದಿಂದ ಹುಟ್ಟುತ್ತದೆ, ಕಚೇರಿಯ ಆದೇಶದಿಂದಲೇ ಮಾಯವಾಗಬಹುದು. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಕಟ್ಟಿದ ವಿಜಯ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ದಶಕಗಳ ಕಾಲ ಬೆಂಗಳೂರಿನ ಅಂಗಳಗಳಲ್ಲಿ ಕೇಳಿಬರುತ್ತಿದ್ದ ತಂಡದ ಹೆಸರೂ ಅದರೊಡನೆ ಹೋಯಿತು. ಆಟಗಾರರು ಹೊಸ ಬ್ಯಾಂಕಿನ ಅಂಗಿಯಲ್ಲಿ ಆಡಿದರು, ಅದು ಸಮಾಧಾನದ ಸಂಗತಿ. ಆದರೆ ಒಂದು ತಂಡದ ಹೆಸರನ್ನು ಅದರ ಪ್ರೇಕ್ಷಕರನ್ನಾಗಲಿ ಆಟಗಾರರನ್ನಾಗಲಿ ಕೇಳದೆ ಅಳಿಸಬಹುದೆಂಬುದು ಅಂದು ತಿಳಿಯಿತು. 2000-01ರ ಸ್ವಯಂನಿವೃತ್ತಿ ಯೋಜನೆಯ ಕಾಲದಿಂದ ಬ್ಯಾಂಕುಗಳಲ್ಲಿ ಕ್ರೀಡಾಪಟುಗಳ ನೇಮಕ ಮೊದಲಿನಂತೆ ನಡೆಯುತ್ತಿಲ್ಲವೆಂಬುದು ನಮ್ಮಂತಹ ಹಳಬರೆಲ್ಲರೂ ಕಂಡ ಮಾತು.

ಜಪಾನ್ ಹಿಡಿದ ದಾರಿ

ಕಚೇರಿ ತಂಡದಿಂದ ಊರಿನ ಕ್ಲಬ್ಬಿಗೆ ದಾಟುವುದು ಸಾಧ್ಯವೇ? ಜಪಾನಿನ ಉದಾಹರಣೆ ಇಲ್ಲಿ ಪ್ರಸ್ತುತ. ಅಲ್ಲಿಯೂ ಬಹುಕಾಲ ಕಂಪನಿಗಳ ತಂಡಗಳೇ ಆಟವನ್ನು ಆಳಿದವು: ಟೊಯೋಟಾ, ತೋಷಿಬಾ, ಹಿಟಾಚಿ. ಬದಿಯಲ್ಲಿ ವೃತ್ತಿಪರ ಲೀಗೊಂದು ಬೇರೆಯಾಗಿ ನಡೆಯುತ್ತಿತ್ತು. ಎರಡಕ್ಕೂ ಹೊಂದಾಣಿಕೆಯಾಗದೆ, 2014ರ ನವೆಂಬರ್‌ನಲ್ಲಿ ಫಿಬಾ ಜಪಾನಿನ ಸಂಸ್ಥೆಯನ್ನು ಅಮಾನತಿನಲ್ಲಿಟ್ಟಿತು. ಫುಟ್‌ಬಾಲ್ ಲೀಗನ್ನು ಕಟ್ಟಿ ಅನುಭವವಿದ್ದ ಸಬುರೋ ಕವಾಬುಚಿ ಅವರ ನೇತೃತ್ವದಲ್ಲಿ ಎರಡು ಲೀಗುಗಳನ್ನೂ ಒಂದುಗೂಡಿಸಿ, ಪ್ರತಿಯೊಂದು ತಂಡಕ್ಕೂ ಒಂದು ಊರು, ಒಂದು ತವರು ಅಂಗಳ ಇರಬೇಕೆಂದು ವಿಧಿಸಿ, 2016ರ ಸೆಪ್ಟೆಂಬರ್‌ನಲ್ಲಿ ಬಿ.ಲೀಗ್ ಆರಂಭಿಸಿದರು. ಟೊಯೋಟಾದ ತಂಡ ಅಲ್ವಾರ್ಕ್ ಟೋಕಿಯೋ ಆಯಿತು. ತೋಷಿಬಾದ್ದು ಕವಾಸಾಕಿ ನಗರದ ಹೆಸರು ಪಡೆಯಿತು. ಕಂಪನಿಗಳು ಹೊರಗೆ ಹೋಗಲಿಲ್ಲ, ಹಿಂದೆ ಸರಿದು ನಿಂತವು.

ಫಲ ಬೇಗನೆ ಕಂಡಿತು. 2018ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಏಷ್ಯಾ ಕೂಟದ ಫೈನಲಿನಲ್ಲಿ ಅಲ್ವಾರ್ಕ್ ಇರಾನಿನ ಪೆಟ್ರೋಕಿಮಿಗೆ ಸೋತಿತು. ಮರುವರ್ಷ, 2019ರಲ್ಲಿ, ಅಲ್ ರಿಯಾದಿಯನ್ನು ಮಣಿಸಿ ಚಾಂಪಿಯನ್ ಆಯಿತು. ಬಳಿಕ ಸಾಂಕ್ರಾಮಿಕದ ಕಾರಣ ಕೂಟ ನಿಂತುಹೋಯಿತು. 2024ರಲ್ಲಿ ಹೊಸ ಹೆಸರಿನೊಡನೆ ದುಬೈನಲ್ಲಿ ಮರಳಿದಾಗ ಅಲ್ ರಿಯಾದಿ ಗೆದ್ದಿತು. 2025ರಲ್ಲಿ ಅದೇ ಅಲ್ ರಿಯಾದಿಯನ್ನು ಫೈನಲಿನಲ್ಲಿ ಸೋಲಿಸಿದ್ದು ಜಪಾನಿನ ಉತ್ಸುನೊಮಿಯಾ ಬ್ರೆಕ್ಸ್. ಉತ್ಸುನೊಮಿಯಾ ಟೋಕಿಯೋದ ಉತ್ತರಕ್ಕಿರುವ, ಐದು ಲಕ್ಷದ ಆಸುಪಾಸಿನ ಜನಸಂಖ್ಯೆಯ ಪಟ್ಟಣ. ನಮ್ಮ ಹುಬ್ಬಳ್ಳಿ ಧಾರವಾಡಕ್ಕಿಂತ ಚಿಕ್ಕದು, ವಾರಾಣಸಿಗಿಂತ ಬಹಳ ಚಿಕ್ಕದು.

ಭಾರತದಲ್ಲಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2010ರಲ್ಲಿ ರಾಷ್ಟ್ರೀಯ ಒಕ್ಕೂಟ ಐಎಂಜಿ ರಿಲಯನ್ಸ್ ಸಂಸ್ಥೆಯೊಡನೆ ಮೂವತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಶಾಲಾ ಮಟ್ಟದಲ್ಲಿ ಕೆಲಸ ನಡೆಯಿತಾದರೂ ನಿರೀಕ್ಷಿಸಿದ್ದ ವೃತ್ತಿಪರ ಲೀಗು ಬರಲಿಲ್ಲ, ಅವಧಿಗೆ ಬಹಳ ಮೊದಲೇ ಸಂಬಂಧ ಮುಗಿಯಿತು. 2015ರಲ್ಲಿ ಯುಬಿಎ ಎಂಬ ಖಾಸಗಿ ಲೀಗು ಬಂತು. ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪುಣೆ ಪೇಶ್ವಾಸ್ ಮುಂತಾದ ಎಂಟು ತಂಡಗಳಿದ್ದ ಅದು ಎರಡು ವರ್ಷಗಳಲ್ಲಿ ಮರೆಯಾಯಿತು. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ಐಎನ್‌ಬಿಎಲ್ ಎಂಬ ಆರು ನಗರಗಳ ಲೀಗು ನಡೆಯಿತು. ಬೆಂಗಳೂರು ಕಿಂಗ್ಸ್ ಆಡಿತು, ಚೆನ್ನೈ ಹೀಟ್ ಗೆದ್ದಿತು. ಈ ಯಾವ ಪಟ್ಟಿಯಲ್ಲಿಯೂ ವಾರಾಣಸಿ ಕಾಣಿಸಿಕೊಳ್ಳಲಿಲ್ಲ. ನಾಯಕನನ್ನು ಕೊಟ್ಟ ಊರಿಗೆ ತಂಡವಿಲ್ಲ. ಹಣ ಹೂಡುವವರು ಮಹಾನಗರಗಳನ್ನು ಹುಡುಕುವುದು ಸಹಜವಾದರೂ, ಆಟಗಾರರು ಎಲ್ಲಿ ಬೆಳೆಯುತ್ತಾರೆಂಬುದನ್ನು ಗಮನಿಸದೆ ತಂಡಗಳನ್ನು ಹಂಚುವುದು ಬಿತ್ತಿದ ಹೊಲವನ್ನು ಬಿಟ್ಟು ಬರಡಿಗೆ ನೀರು ಹಾಯಿಸಿದಂತೆ ಎಂದು ನಮ್ಮ ಅನಿಸಿಕೆ.

ಕರ್ನಾಟಕದ ಪಾಲು

ಈ ವಿಷಯದಲ್ಲಿ ನಮ್ಮ ನಾಡಿಗೆ ಒಂದು ಅನುಕೂಲವಿದೆ. ಬೆಂಗಳೂರಿನಲ್ಲ��� ಬೀಗಲ್ಸ್, ಯಂಗ್ ಓರಿಯನ್ಸ್ ಮುಂತಾದ ಬಡಾವಣೆಯ ಕ್ಲಬ್ಬುಗಳು ಕಚೇರಿ ತಂಡಗಳ ಜೊತೆಜೊತೆಗೇ ಬೆಳೆದು ಬಂದಿವೆ. ಸಂಜೆ ಆರರ ಮೇಲೆ ದೀಪದ ಬೆಳಕಿನಲ್ಲಿ, ಸಿಮೆಂಟಿನ ಅಂಗಳದಲ್ಲಿ, ಅಜ್ಜಂದಿರಿಂದ ಹಿಡಿದು ಮೂರನೆಯ ತರಗತಿಯ ಮಕ್ಕಳವರೆಗೆ ಆಡುವ ಇಂತಹ ಜಾಗಗಳೇ ನಿಜಾರ್ಥದಲ್ಲಿ ಕ್ಲಬ್ಬುಗಳು. ಆದರೆ ಅಲ್ಲಿ ಕಲಿತ ಉತ್ತಮ ಆಟಗಾರನನ್ನು ಇಪ್ಪತ್ತರ ವಯಸ್ಸಿಗೆ ಬ್ಯಾಂಕೋ ರೈಲ್ವೆಯೋ ಕರೆದುಕೊಳ್ಳುತ್ತದೆ. ಕ್ಲಬ್ಬಿಗೆ ಉಳಿಯುವುದು ಗೋಡೆಯ ಮೇಲಿನ ಚಿತ್ರ.

ಕೂಟಗಳನ್ನು ನಡೆಸುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 2016ರ ಜನವರಿಯಲ್ಲಿ ರಾಷ್ಟ್ರೀಯ ಸೀನಿಯರ್ ಚಾಂಪಿಯನ್‌ಷಿಪ್ ಮೈಸೂರಿನಲ್ಲಿ ನಡೆಯಿತು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2015ರ ದಕ್ಷಿಣ ಏಷ್ಯಾ ಪುರುಷರ ಚಾಂಪಿಯನ್‌ಷಿಪ್, 2017 ಮತ್ತು 2019ರ ಮಹಿಳಾ ಏಷ್ಯಾ ಕಪ್ ಪಂದ್ಯಗಳು ನಡೆದವು. 2015ರಲ್ಲಿ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರಾದ ಕನ್ನಡಿಗ ಕೆ. ಗೋವಿಂದರಾಜ್ 2023ರಲ್ಲಿ ಫಿಬಾ ಏಷ್ಯಾದ ಅಧ್ಯಕ್ಷ ಸ್ಥಾನಕ್ಕೆ ಆಯ್ಕೆಯಾದರು. ಆತಿಥ್ಯದ ಈ ಅನುಭವವೆಲ್ಲ ರಾಷ್ಟ್ರೀಯ ತಂಡಗಳ ಪಂದ್ಯಗಳದ್ದು ಎಂಬುದನ್ನು ಗಮನಿಸಬೇಕು. ಕಂಠೀರವ ತುಂಬಿಸಿಕೊಂಡು ಆಡುವ ಬೆಂಗಳೂರಿನ ಕ್ಲಬ್ಬೊಂದು ಏಷ್ಯಾದ ಕೂಟಕ್ಕೆ ಹೋದದ್ದನ್ನು ನಾವಿನ್ನೂ ಕಂಡಿಲ್ಲ.

ವಾರಾಣಸಿಯ ಸ್ಥಿತಿಯಲ್ಲಿಯೂ ಬದಲಾವಣೆಯ ಗುರುತುಗಳಿವೆ. ಸಿಗರಾ ಬಡಾವಣೆಯ ಡಾ. ಸಂಪೂರ್ಣಾನಂದ ಕ್ರೀಡಾಂಗಣವನ್ನು ಒಳಾಂಗಣ ಸೌಲಭ್ಯಗಳೊಡನೆ ಹೊಸದಾಗಿ ಕಟ್ಟಿ 2024ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಲಾಯಿತು. ಕಾಶಿಯಾತ್ರೆಗೆ ಹೋಗುವ ಓದುಗರು, ಜೊತೆಗೆ ಮೊಮ್ಮಕ್ಕಳಿದ್ದರೆ, ಒಂದು ಸಂಜೆ ಭೋಜೂಬೀರಿನ ಕಡೆಗೂ ಹೋಗಿಬರಬಹುದು. ಮಕ್ಕಳಿಗೆ ನಾಲ್ಕನೆಯ ಘಟ್ಟಕ್ಕಿಂತ ಅದು ಹೆಚ್ಚು ರುಚಿಸೀತು.

ಪಂದ್ಯ ನೋಡುವವರಿಗೆ

ಆಟವನ್ನು ಹೊಸದಾಗಿ ನೋಡುವವರಿಗೆ ಒಂದೆರಡು ಮಾತು. ಫಿಬಾ ನಿಯಮದಂತೆ ಪಂದ್ಯ ತಲಾ ಹತ್ತು ನಿಮಿಷಗಳ ನಾಲ್ಕು ಭಾಗಗಳದ್ದು. ಸಮವಾದರೆ ಐದು ನಿಮಿಷ ಹೆಚ್ಚುವರಿ. ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಬುಟ್ಟಿ ನೆಲದಿಂದ 3.05 ಮೀಟರ್ ಎತ್ತರ. ಒಮ್ಮೆಗೆ ಐವರು ಆಡುತ್ತಾರೆ, ತಂಡದಲ್ಲಿ ಹನ್ನೆರಡು ಮಂದಿ. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕು. ಆದ್ದರಿಂದಲೇ ಈ ಆಟದಲ್ಲಿ, ಗೆಲ್ಲುತ್ತಿರುವ ತಂಡ ಚೆಂಡು ಹಿಡಿದುಕೊಂಡು ಕಾಲ ತಳ್ಳುವುದು ನಡೆಯದು. 6.75 ಮೀಟರಿನ ಕಮಾನುಗೆರೆಯ ಆಚೆಯಿಂದ ಬಿದ್ದ ಬುಟ್ಟಿಗೆ ಮೂರು ಅಂಕ, ಒಳಗಿನಿಂದ ಎರಡು, ದಂಡದ ಎಸೆತಕ್ಕೆ ಒಂದು. ಐದು ಫೌಲು ಮಾಡಿದ ಆಟಗಾರ ಹೊರಗೆ. ನೋಡುವಾಗ ಕಣ್ಣು ಚೆಂಡಿನ ಹಿಂದೆಯೇ ಓಡುವುದು ರೂಢಿ. ಚೆಂಡಿಲ್ಲದ ನಾಲ್ವರು ಎಲ್ಲಿ ಸರಿಯುತ್ತಾರೆಂಬುದನ್ನು ನೋಡಿದರೆ, ಒಳ್ಳೆಯ ಗಾರ್ಡ್ ಏನು ಮಾಡುತ್ತಾನೆಂಬುದು ತಿಳಿಯುತ್ತದೆ.

ಏಷ್ಯಾದ ಕೂಟಕ್ಕೆ ಈಗ ಪ್ರವೇಶ ಹೆಚ್ಚಾಗಿ ಎರಡು ಪ್ರಾದೇಶಿಕ ಲೀಗುಗಳ ಮೂಲಕ: ಪೂರ್ವದಲ್ಲಿ ಜಪಾನ್, ಕೊರಿಯಾ, ಫಿಲಿಪೈನ್ಸ್ ಮುಂತಾದವುಗಳ ಕ್ಲಬ್ಬುಗಳಾಡುವ ಪೂರ್ವ ಏಷ್ಯಾ ಸೂಪರ್ ಲೀಗ್, ಪಶ್ಚಿಮದಲ್ಲಿ ಲೆಬನಾನ್, ಇರಾನ್ ಮತ್ತು ಕೊಲ್ಲಿ ದೇಶಗಳ ಕ್ಲಬ್ಬುಗಳಿಗಾಗಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ ಪಶ್ಚಿಮ ಏಷ್ಯಾ ಸೂಪರ್ ಲೀಗ್. ದಕ್ಷಿಣ ಏಷ್ಯಾದ ಕ್ಲಬ್ಬುಗಳಿಗೆ ಅರ್ಹತಾ ಪಂದ್ಯಗಳ ದಾರಿಯನ್ನು ಈ ಪಶ್ಚಿಮದ ಲೀಗಿಗೇ ಜೋಡಿಸಲಾಯಿತು. ಏಷ್ಯಾದ ಚಾಂಪಿಯನ್ ಮುಂದೆ ಅಂತರಖಂಡ ಕಪ್‌ಗೆ ಹೋಗುತ್ತದೆ. 2023, 2024, 2025ರಲ್ಲಿ ಆ ಕೂಟ ಸಿಂಗಪುರದಲ್ಲಿ ನಡೆಯಿತು. 2024 ಮತ್ತು 2025ರ ಏಷ್ಯಾ ಕೂಟಗಳೆರಡೂ ಜೂನ್ ತಿಂಗಳಲ್ಲಿ ದುಬೈನಲ್ಲಿ ನಡೆದವು. ದುಬೈನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಅಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯವನ್ನು ಇಲ್ಲಿ ಎಂಟೂವರೆಗೆ, ಊಟ ಮುಗಿಸಿ, ಮಕ್ಕಳೊಡನೆ ಕುಳಿತು ನೋಡಬಹುದು.